ಕಂಟ್ರೋಲರ್ ಸಾಹೇಬರ ಹೊಟ್ಟಿ ಉರಿ

"ನನಗ ಹೊಟ್ಟಿ ಉರಿ ಐತ್ರಿ."

ಹೆಣ್ಣು ನೋಡಲು ಬಂದ ಗಂಡು ಮಾಳಿಗೆ ಮೇಲೆ ನಿಂತು ಆಡಿದ ಮೊದಲ ಮಾತು ಇದು. ಓದಿನ ಸುದ್ದಿ ಇಲ್ಲ, ಕೆಲಸದ ಸುದ್ದಿ ಇಲ್ಲ, ನಿಮ್ಮ ಹವ್ಯಾಸ ಏನು ಎಂಬ ಆ ಹಳಸಿದ ಪ್ರಶ್ನೆಯೂ ಇಲ್ಲ. ಶಿವಲೀಲಾ, ಅವ್ವ ಒಣಹಾಕಿದ್ದ ಸಂಡಿಗೆಯ ಮೇಲೆ ಕಾಲಿಡುವುದರಲ್ಲಿದ್ದಳು. ಸದ್ಯ, ತಪ್ಪಿತು.

ಹುಡುಗನ ಹೆಸರು ಪ್ರಭುರಾಜ. ಊರು ಕುಷ್ಟಗಿ, ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುವವನು. ಶಿವಲೀಲಾ ಅವನ ಮುಖ ಸರಿಯಾಗಿ ನೋಡಿದ್ದು ಅಂದೇ ಆದರೂ ದನಿ ಮಾತ್ರ ಹಳೆಯ ಪರಿಚಯ. ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ, ಬುಟ್ಟಿ ಹೆಣೆಯುವ ಘಟಕದಲ್ಲಿ ಅವಳಿಗೆ ಡಿಸೈನ್ ಕೆಲಸ. ದಿನಾ ಬೆಳಿಗ್ಗೆ ಬಸ್ಸು ಹಿಡಿಯಬೇಕು. "ಪ್ರಯಾಣಿಕರ ಗಮನಕ್ಕೆ" ಎಂಬ ಆ ತುಂಬು ದನಿ ಕೇಳಲೆಂದೇ ಅವಳು ಸ್ವಲ್ಪ ಮೊದಲೇ ಬಂದು ನಿಲ್ಲುತ್ತಿದ್ದಳು. ಈ ಗುಟ್ಟು ಜೊತೆಗೆ ಕೆಲಸ ಮಾಡುವ ಗೆಳತಿ ಜಾಸ್ಮೀನಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಂಥ ದನಿಯಿಂದ ಇಂಥ ಮಾತೇ!

"ಏನಂದ್ರಿ?" ಅಂದಳು.

"ಹೊಟ್ಟಿ ಉರಿ ರೀ. ಮುಚ್ಚಿಡಬಾರದು ನೋಡ್ರಿ. ನಮ್ಮ ಸೋದರಮಾವ ಹೇಳಬ್ಯಾಡ ಅಂದ. ನನಗ ಮನಸ್ಸು ಒಪ್ಪಲಿಲ್ಲ."

"ಭಾಳ ಐತೇನ್ರಿ?"

"ಮೊದಲ ಭಾಳ ಇತ್ರಿ. ಯಾವಾಗ ಏಳತೈತಿ ಅಂತ ಹೇಳಾಕ ಬರ್ತಿದ್ದಿಲ್ಲ. ಮದುವಿ ಮನ್ಯಾಗ, ಬಸ್ಸಿನ್ಯಾಗ, ನಾಕು ಮಂದಿ ಕುಂತಲ್ಲಿ. ಎಷ್ಟೋ ಸಲ ರಕ್ತನೂ ಬಂದೈತಿ."

"ರಕ್ತ!"

"ಹೂನ್ರಿ. ಈಗ ಕಂಟ್ರೋಲ್ ಐತಿ."

ಶಿವಲೀಲಾ ಗೋಡೆ ಹಿಡಿದುಕೊಂಡಳು. "ಮದುವಿ ಆದಮ್ಯಾಲ ಹೋಗಬಹುದೇನ್ರಿ ಅದು?"

"ಇಲ್ರಿ. ಪೂರ್ತಿ ಹೋಗೂದಲ್ಲ ಅದು. ಮನಿಯಾಕಿ ಸ್ವಲ್ಪ ಹೊಂದ್ಕೊಂಡು ಹೋಗಬೇಕಾಗತೈತಿ." ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಚಹಾಕ್ಕೆ ಕರೆ ಬಂತು. ಚಹಾದ ಜೊತೆ ಬಿಸಿಬಿಸಿ ಮಿರ್ಚಿ ಭಜಿಯೂ ಇತ್ತು. ಗಂಗಾವತಿಯ ಮನೆಯಲ್ಲಿ ಕೂತು ಮಿರ್ಚಿ ಮುಟ್ಟದೆ ಎದ್ದ ಮೊದಲ ಗಂಡಸು ಇವನೇ ಇರಬೇಕು.

ಬಂದವರು ಹೋದದ್ದೇ ತಡ, ಶಿವಲೀಲಾ ಅವ್ವನ ಮುಂದೆ ನಿಂತಳು. "ಯವ್ವಾ, ಈ ಹುಡುಗ ಬ್ಯಾಡ ಬೇ."

ಪಾರ್ವತೆಮ್ಮ ತಟ್ಟೆ ಎತ್ತುತ್ತಿದ್ದವಳು ಅಲ್ಲೇ ಕೂತಳು. "ಯಾಕವಾ? ಛಲೋ ನೌಕರಿ, ಛಲೋ ಮಾರಿ, ಮಾತು ಮೆತ್ತಗ ಐತಿ."

"ಹೊಟ್ಟಿ ಉರಿ ಮನಿಷಾ ಅದಾನ. ಬ್ಯಾರೆ ಯಾರೋ ಹೇಳಿದ್ದಲ್ಲ, ತನ್ನ ಬಾಯಿಲೆ ತಾನ ಹೇಳ್ದ. ರಕ್ತ ಬರೂತನಾ ಹೋಗತೈತಂತ!"

"ಅಯ್ಯ ಶಿವನ!" ಎಂದು ಪಾರ್ವತೆಮ್ಮ ಹಣೆ ಬಡಿದುಕೊಂಡಳು. ಗಂಡಿನ ಕಡೆಯವರಿಗೆ ಬ್ಯಾಡ ಎಂದು ಹೇಳಿ ಕಳಿಸಿದಳು.

ಮಗಳನ್ನು ಒತ್ತಾಯಿಸುವಂತಿರಲಿಲ್ಲ. ಹಿಂದೆ ಸಿಂಧನೂರಿನ ಹುಡುಗನೊಬ್ಬನ ಜೊತೆ ನಿಶ್ಚಿತಾರ್ಥವಾಗಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾರು, ಬುಟ್ಟಿ ಕೊಳ್ಳಲು ಬಂದವನ ಜೊತೆ ನಕ್ಕಿದ್ದು ಯಾಕೆ, ಹೀಗೆ ವಿಡಿಯೋ ಕಾಲ್ ಮಾಡಿ ಮಾಡಿ ಅವನು ಅವಳ ಜೀವ ಹಿಂಡಿದ್ದ. ಉಂಗುರ ವಾಪಸು ಕೊಟ್ಟು ಬಂದವಳು ಶಿವಲೀಲಾಳೇ. ಎಂಥವನನ್ನಾದರೂ ಕಟ್ಟಿಕೊಳ್ಳುತ್ತೇನೆ, ಹೊಟ್ಟೆಕಿಚ್ಚಿನವನನ್ನು ಮಾತ್ರ ಒಲ್ಲೆ ಎಂದು ಅಂದೇ ತೀರ್ಮಾನ ಮಾಡಿದ್ದಳು.

ತೀರ್ಮಾನ ಮಾಡುವುದು ಸುಲಭ, ಕಿವಿಗೆ ಯಾರು ಹೇಳಬೇಕು? ಮರುದಿನದಿಂದ ಬಸ್‌ಸ್ಟ್ಯಾಂಡಿನಲ್ಲಿ ಅದೇ ದನಿ, ಆದರೆ ಬೇರೆ ಥರ. ಕಾರಟಗಿ ಬಸ್ಸನ್ನು ಗಟ್ಟಿಯಾಗಿ ಕೂಗುತ್ತಿದ್ದವನು ಆನೆಗೊಂದಿ ಬರುತ್ತಲೇ ದನಿ ತಗ್ಗಿಸುತ್ತಿದ್ದ. ಶಿವಲೀಲಾ ಕಂಟ್ರೋಲ್ ರೂಮಿನ ಕಿಟಕಿಯ ಕಡೆ ನೋಡಬಾರದೆಂದು ಚಪ್ಪಲಿ ನೋಡಿಕೊಂಡು ನಿಲ್ಲುತ್ತಿದ್ದಳು. ನಡುವೆ ಒಂದು ಸಲ, ಒಂದೇ ಒಂದು ಸಲ, ಕಣ್ಣು ತಾನಾಗಿ ಎದ್ದು ಬಿಡುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅವನೂ ಇತ್ತ ನೋಡುತ್ತಿರುತ್ತಿದ್ದ. ಇಬ್ಬರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ತಿರುಗಿಸುತ್ತಿದ್ದರು.

"ಲೀಲಾ, ನನಗೊಂದು ತಿಳೀವಲ್ದು," ಎಂದಳು ಜಾಸ್ಮೀನ ನಾರು ಹೊಸೆಯುತ್ತಾ. "ಹೊಟ್ಟಿ ಉರಿ ಇದ್ದಾಂವ ಹೊಟ್ಟಿ ಉರಿ ಐತಿ ಅಂತ ಹೇಳ್ತಾನೇನ? ಹೇಳಿದ್ರ ಅದು ಹೊಟ್ಟಿ ಉರಿ ಹೆಂಗ ಆಗತೈತಿ?"

"ನನಗೇನ ಗೊತ್ತು? ಹೇಳ್ದ ಖರೇ."

"ಹಂಗಾರ ಟೆಸ್ಟ್ ಮಾಡೋಣ. ನಾಳೆ ನಮ್ಮ ನಜೀಬನ್ನ ಕರ್ಕೊಂಡು ಬರ್ತೇನಿ. ಆ ಕಿಡಕಿ ಮುಂದ ನಿಂತು ಅವನ ಜೋಡಿ ನಕ್ಕೋಂತ ಮಾತಾಡು. ಉರಿಯಾಂವ ಆದ್ರ ಅಲ್ಲೇ ಹೊಗಿ ಬರತೈತಿ."

ನಜೀಬ ಜಾಸ್ಮೀನಳ ತಮ್ಮ. ಬಸ್‌ಸ್ಟ್ಯಾಂಡಿನ ಎದುರಿಗೇ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಅಕ್ಕನ ಮಾತಿಗೆ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದ. ಶಿವಲೀಲಾ ನಕ್ಕಳು. ಏನೂ ತಮಾಷೆ ಇರಲಿಲ್ಲ, ಆದರೂ ನಕ್ಕಳು. ಅವನು ಹತ್ತು ರೂಪಾಯಿ ಶಾಂಪೂ ಪಾಕೀಟಿನ ಸುದ್ದಿ ಹೇಳಿದ್ದಕ್ಕೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮೈಕು ಗರಗರ ಅಂತು. "ಪ್ರಯಾಣಿಕರ ಗಮನಕ್ಕೆ. ಆನೆಗೊಂದಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ. ನಗುತ್ತಾ ನಿಂತಿರುವ ಪ್ರಯಾಣಿಕರು ನಗುವನ್ನು ಸೀಟಿನಲ್ಲಿ ಕುಳಿತು ಮುಂದುವರಿಸಬೇಕಾಗಿ ವಿನಂತಿ."

ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಶಿವಲೀಲಾಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಪ್ರಭುರಾಜ ಹೊರಗೇ ಬಂದ. ಬಂತು ನೋಡು ಜಗಳ, ಎಂದುಕೊಂಡಳು. ಅವನು ನಗುತ್ತಿದ್ದ. ಸೀದಾ ಬಂದು ನಜೀಬನ ಹೆಗಲ ಮೇಲೆ ಕೈ ಹಾಕಿದ.

"ಅಣ್ಣಾ, ನಾನ ಬರಾಂವಿದ್ದೆ," ಅಂದ ನಜೀಬ. "ನಿಮ್ಮ ಐಸ್ ಡಬ್ಬಿ ಬಂದೈತಿ. ಫ್ರಿಜ್ಜಿನ್ಯಾಗ ಇಟ್ಟೇನಿ."

"ಐಸ್‌ಕ್ರೀಮ್ ಏನ್ರಿ?" ಶಿವಲೀಲಾಳ ಬಾಯಿ ಸುಮ್ಮನಿರಬೇಕಲ್ಲ.

"ಇಲ್ರಿ, ಇಂಜೆಕ್ಷನ್," ಅಂದ ಪ್ರಭುರಾಜ. "ಹದಿನೈದು ದಿನಕ್ಕೊಮ್ಮೆ ತಗೋತೇನಿ. ಅದ, ನಿಮಗ ಹೇಳಿದ್ನೆಲ್ಲ, ಹೊಟ್ಟಿ ಉರಿಗೆ."

"ಹೊಟ್ಟಿ ಉರಿಗೆ ಇಂಜೆಕ್ಷನ್ ಬಂದೈತೇನ್ರಿ? ಹಂಗಾದ್ರ ನಮ್ಮ ಓಣಿ ಮಂದಿಗೆಲ್ಲಾ ಒಂದೊಂದು..." ಎಂದವಳು ಅಲ್ಲಿಗೇ ನಿಂತಳು. "ಒಂದ್ನಿಮಿಷ. ನಿಮಗ ಇರೂದು ಖರೇನ ಹೊಟ್ಟ್ಯಾಗಿನ ಉರಿ ಏನ್ರಿ?"

"ಮತ್ತ ಹೊಟ್ಟಿ ಉರಿ ಎಲ್ಲಿರತೈತ್ರಿ?"

"ಯಾ ಅಲ್ಲಾ!" ಎಂದು ಜಾಸ್ಮೀನ ಕಂಬಕ್ಕೆ ಆತು ನಿಂತು ನಗತೊಡಗಿದಳು. ಅಕ್ಕ ಯಾಕೆ ನಗುತ್ತಾಳೆಂದು ತಿಳಿಯದೆ ನಜೀಬನೂ ನಕ್ಕ. ಆನೆಗೊಂದಿ ಬಸ್ಸು ಹೋಗೇಬಿಟ್ಟಿತು.

ಕ್ಯಾಂಟೀನಿನ ಮೂಲೆ ಟೇಬಲ್ಲಿಗೆ ಇಬ್ಬರೂ ಬಂದು ಕೂತರು. ಪ್ರಭುರಾಜ ಮಜ್ಜಿಗೆ ತರಿಸಿದ. ಕಾಯಿಲೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆಯಂತೆ, ಅಲ್ಸರೇಟಿವ್ ಕೊಲೈಟಿಸ್. ಹೆಣ್ಣು ನೋಡಲು ಬಂದ ದಿನ ಮನೆಯಿಂದ ಅದನ್ನೇ ಬಾಯಿಪಾಠ ಮಾಡುತ್ತಾ ಬಂದಿದ್ದ. ಅವಳ ಮುಖ ನೋಡಿದ ಕೂಡಲೇ ಮರೆತುಹೋಯಿತು. ಡಾಕ್ಟರು ಕನ್ನಡದಲ್ಲಿ ಕರುಳಿನ ಉರಿಯೂತ ಅನ್ನುತ್ತಾರೆ. ಮನೆಯಲ್ಲಿ ಅದನ್ನು ಹೊಟ್ಟಿ ಉರಿ ಮಾಡಿಟ್ಟಿದ್ದರು. ಬಾಯಿಗೆ ಬಂದದ್ದು ಅದು.

"ಮೊದಲ ನಾ ಕಂಡಕ್ಟರ್ ಇದ್ದೆ," ಅಂದ. "ಯಲಬುರ್ಗಾ ದಾರ್ಯಾಗ ಒಮ್ಮೆ ಬಸ್ ನಿಲ್ಲಿಸಿ ಹೊಲದಾಗ ಓಡಬೇಕಾತು. ವಾಪಸ್ ಬಂದಾಗ ಮಂದಿ ನಗಾಕತ್ತಿದ್ರು. ಆಮ್ಯಾಲ ಗುಳಿಗಿ ಕೊಟ್ರು, ಮಾರಿ ಊದಿ ಕುಂಬಳಕಾಯಿ ಆತು. ಉರಿ ಕಡಿಮಿ ಆದಂಗ ಆಗಿ ಮತ್ತ ಬರ್ತಿತ್ತು. ಈ ಇಂಜೆಕ್ಷನ್ ಸುರು ಆದಮ್ಯಾಲ ನಾ ಮನಿಷಾ ಆಗೇನಿ." ಗ್ಲಾಸು ತಿರುಗಿಸುತ್ತಾ ಕೂತ. "ನೀವು ಬ್ಯಾಡ ಅಂದಾಗ ರೋಗಕ್ಕ ಹೆದರ್ಯಾರ ಅಂತ ತಿಳ್ಕೊಂಡೆ. ನನಗೇನು ಸಿಟ್ಟು ಬರಲಿಲ್ಲ. ಆದ್ರ ಆನೆಗೊಂದಿ ಬಸ್ ಕರಿಯೂದು ಭಾರ ಆತ್ರಿ."

ಶಿವಲೀಲಾಳ ನಗು ನಿಂತಿತು. ಇಷ್ಟು ದಿನ ಈ ಮನುಷ್ಯನ ಕಣ್ಣಲ್ಲಿ ಅವಳು ಕಾಯಿಲೆ ಕೇಳಿ ಓಡಿಹೋದವಳಾಗಿದ್ದಳು. "ನಾ ಬ್ಯಾಡ ಅಂದಿದ್ದು ನೀವು ಸಂಶಯದ ಮನಿಷಾ ಅಂತ್ರಿ. ರೋಗದ ಸುದ್ದಿ ನನಗ ಗೊತ್ತ ಇದ್ದಿಲ್ಲ."

"ಈಗ ಗೊತ್ತಾತಲ್ರಿ. ನಿಧಾನ ವಿಚಾರ ಮಾಡ್ರಿ. ಬ್ಯಾಡ ಅನ್ಸಿದ್ರ ಬಾಯಿಬಿಟ್ಟು ಹೇಳಾಕೂ ಬರಬ್ಯಾಡ್ರಿ. ನಾಳೆ ಬಸ್ ಹತ್ತುವಾಗ ನನ್ನ ಕಿಡಕಿ ಕಡೆ ನೋಡಬ್ಯಾಡ್ರಿ, ಸಾಕು. ನಾ ತಿಳ್ಕೋತೇನಿ."

ಮರುದಿನ ಬೆಳಿಗ್ಗೆ ಆನೆಗೊಂದಿ ಬಸ್ಸು ಬಂತು. ಮಂದಿ ಹತ್ತಿದರು. ಜಾಸ್ಮೀನ ಹತ್ತಿ ಸೀಟು ಹಿಡಿದು ಕೈ ಬೀಸಿದಳು. ಬಸ್ಸು ಹೊರಟು ತಿರುವು ದಾಟಿತು. ಶಿವಲೀಲಾ ಮಾತ್ರ ನಿಂತಲ್ಲೇ ನಿಂತು ಕಿಟಕಿಯನ್ನೇ ನೋಡುತ್ತಿದ್ದಳು. ಒಳಗೆ ಕಂಟ್ರೋಲರ್ ಸಾಹೇಬರು ಹೊಸಪೇಟೆ ಬಸ್ಸನ್ನು ರಾಯಚೂರಿಗೆ ಕಳಿಸುತ್ತಿದ್ದರು.

ಇವರಿಬ್ಬರದು ಮುಗಿಯಿತು, ಪಾರ್ವತೆಮ್ಮನದು ಶುರುವಾಯಿತು. "ಹೊಟ್ಟಿ ಉರಿ ಅಲ್ಲ ಅಂತೀ, ರೋಗ ಅಂತೀ. ಒಂದು ಬಿಟ್ಟು ಇನ್ನೊಂದು ಹೇಳ್ತೀಯಲ್ಲ! ನಾಳೆ ನಿನ್ನ ಜೀವನ ದವಾಖಾನ್ಯಾಗ ಹೋದ್ರ?"

"ಯವ್ವಾ, ಡಾಕ್ಟರ್‌ನ್ನ ನೀನ ಕೇಳು ಬೇ. ಅವರು ಬ್ಯಾಡ ಅಂದ್ರ ನಾ ಮಾತ ಎತ್ತೂದಿಲ್ಲ." ಹೇಳಿದ ಮೇಲೆ ಶಿವಲೀಲಾಳಿಗೆ ಜೀವ ಬಾಯಿಗೆ ಬಂತು. ಆದರೆ ಆಡಿಯಾಗಿತ್ತು.

ಪ್ರಭುರಾಜ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಲು ಹೋಗುವ ದಿನ ಮೂವರೂ ಹೊರಟರು. ದಾರಿಯುದ್ದಕ್ಕೂ ಅವನು ಯಾವ ಊರಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ, ಶೌಚಾಲಯ ಯಾವ ಮಗ್ಗುಲಿಗಿದೆ ಎಂದೆಲ್ಲಾ ಹೇಳುತ್ತಾ ಬಂದ. ಮೊಣಕಾಲು ನೋವಿನ ಪಾರ್ವತೆಮ್ಮನಿಗೆ ಇಷ್ಟು ಉಪಯೋಗದ ಮಾತಾಡುವ ಗಂಡಸು ಜನ್ಮದಲ್ಲಿ ಸಿಕ್ಕಿರಲಿಲ್ಲ. ಗದಗ ದಾಟುವಷ್ಟರಲ್ಲಿ "ನೀವು" ಹೋಗಿ "ತಮ್ಮಾ" ಆಯಿತು.

ಡಾಕ್ಟರಮ್ಮ ನಗುಮುಖದವರು. ಪ್ರಭುರಾಜನನ್ನು ಕೇಳಿ, ಅವನು ಹೂಂ ಅಂದ ಮೇಲೆಯೇ ಮಾತು ತೆಗೆದರು. "ಮೈ ಕಾಯೋ ಪೊಲೀಸರು ದಾರಿ ತಪ್ಪಿ ಸ್ವಂತ ಕರಳಿಗೇ ಬಡಿಗಿ ಬೀಸಿದಂಗ ಈ ರೋಗ. ಮೊದಲ ಎಲ್ಲಾ ಪೊಲೀಸರನ್ನೂ ಮಲಗಸೋ ಔಷಧ ಇತ್ತು. ಈಗಿನ ಇಂಜೆಕ್ಷನ್, ಬಡೀರಿ ಅಂತ ಹೇಳೋ ಆ ಒಂದು ಸುದ್ದಿನ್ನ ತಡೀತಾವ. ನಮ್ಮ ದೇಶದಾಗ ತಯಾರಾಗಾಕತ್ತಮ್ಯಾಲ ರೇಟೂ ಇಳಿದೈತಿ. ಇದು ಕೈ ಕೊಟ್ರ ಬ್ಯಾರೆ ಇಂಜೆಕ್ಷನ್ ಅದಾವ, ಹೊಸ ಗುಳಿಗಿ ಅದಾವ. ಕರಳಾಗಿನ ಸೂಕ್ಷ್ಮಜೀವಿ ಮ್ಯಾಲೂ ಸಂಶೋಧನಾ ನಡದೈತಿ."

"ಪೂರ್ತಿ ಹೋಗತೈತೇನ್ರಿ?" ಎಂದು ಪಾರ್ವತೆಮ್ಮ ಕೇಳಿದಳು.

"ಸುಳ್ಳು ಹೇಳೂದಿಲ್ಲಮ್ಮ. ಬೇರಸಹಿತ ಕೀಳೋ ಔಷಧ ಇನ್ನೂ ಬಂದಿಲ್ಲ. ಮತ್ತ ಏಳಬಹುದು, ಚೆಕಪ್ ತಪ್ಪಸಬಾರದು. ಆದ್ರ ಇದು ಅಂಟುರೋಗ ಅಲ್ಲ. ಮದುವಿ, ಮಕ್ಕಳು ಯಾವುದಕ್ಕೂ ಅಡ್ಡಿ ಇಲ್ಲ." ಕಂಪ್ಯೂಟರಿನಲ್ಲಿ ಎರಡು ಫೋಟೋ ತೆಗೆದರು. "ಇದು ಮೊದಲಿನ ಕರಳು, ನೋಡ್ರಿ. ಇದು ಈಗಿಂದು."

ಮೊದಲನೆಯದು ಕೆಂಪು ಹುಣ್ಣು ಹುಣ್ಣು. ಎರಡನೆಯದು ತಿಳಿ ಗುಲಾಬಿ, ನುಣ್ಣಗೆ. ಪ್ರಭುರಾಜ ನಾಚಿಕೆಯಿಂದ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಶಿವಲೀಲಾ ಅವ್ವನ ಮುಖ ನೋಡುತ್ತಿದ್ದಳು. ಪಾರ್ವತೆಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹತ್ತಿರ ಹೋದಳು.

"ಇದು ನಮ್ಮ ತಮ್ಮಂದ ಏನ್ರಿ? ಛಲೋ ಐತಲ್ಲವಾ!" ಅಂದಳು. ಆಮೇಲೆ ಮಗಳ ಕಡೆ ತಿರುಗಿದಳು. "ಮಂದಿ ಅಳಿಯನ ಮಾರಿ ನೋಡಿ ಒಪ್ಪತಾರ. ನಾ ಕರಳು ನೋಡಿ ಒಪ್ಪಿದೆ, ತಗೊ."

ಶಿವಲೀಲಾ ಡಾಕ್ಟರ ಮುಂದೆಯೇ ಅವ್ವನನ್ನು ತಬ್ಬಿಕೊಂಡಳು. ಪ್ರಭುರಾಜ ಕ್ಯಾಲೆಂಡರು ನೋಡುತ್ತಲೇ ಕಣ್ಣು ಒರೆಸಿಕೊಂಡ.

ನಿಶ್ಚಿತಾರ್ಥಕ್ಕೆ ದಿನ ಗೊತ್ತಾದ ವಾರ, ಶಿವಲೀಲಾ ಕಂಟ್ರೋಲ್ ರೂಮಿನ ಕಿಟಕಿಗೆ ಬಂದು ಒಂದು ಚೀಲ ಒಳಗೆ ತಳ್ಳಿದಳು. ಹೊರಗೆ ಬಾಳೆನಾರಿನ ಹೆಣಿಗೆ, ಒಳಗೆ ತಂಪು ಹಿಡಿಯುವ ದಪ್ಪ ಅಸ್ತರು. ಐಸ್ ಡಬ್ಬಿಗೆ ಸರಿಯಾಗಿ ಕೂರುವ ಅಳತೆ.

"ಇನ್ನ ಮ್ಯಾಲ ಇಂಜೆಕ್ಷನ್ ಆ ಮುರಕ ಥರ್ಮಾಕೋಲ್ ಪೆಟ್ಟಿಗ್ಯಾಗ ತರಬ್ಯಾಡ್ರಿ."

ಪ್ರಭುರಾಜ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇನ್ನೊಂದು ಮಾತ್ರಿ," ಅಂದಳು ಶಿವಲೀಲಾ, ಕಿಟಕಿಯ ಸರಳು ಹಿಡಿದು. "ಮದುವಿಗಿಂತ ಮೊದಲ ಮುಚ್ಚಿಡದ ಹೇಳಿಬಿಡ್ತೇನಿ. ನನಗೂ ಹೊಟ್ಟಿ ಉರಿ ಐತ್ರಿ."

ಅವನು ಗಾಬರಿಯಾದ. "ಯಾವಾಗಿಂದ್ರಿ? ಡಾಕ್ಟರಿಗೆ ತೋರಿಸೀರೇನು?"

"ಆ ಉರಿ ಅಲ್ರಿ, ನಮ್ಮ ಉರಿ. ನಿಮ್ಮ ದನಿ ಛಲೋ ಐತಿ ಅಂತ ನಿನ್ನೆ ಬಸ್ಸಿನ್ಯಾಗ ಯಾವಾಕೋ ಅಂದ್ಲು. ಆನೆಗೊಂದಿತನಾ ಉರದೇನಿ."

ಪ್ರಭುರಾಜ ಜೋರಾಗಿ ನಕ್ಕ. "ಅದಕ್ಕ ಇಂಜೆಕ್ಷನ್ ಇನ್ನೂ ಬಂದಿಲ್ರಿ. ನಾನ ಜೀವನಪೂರ್ತಿ ಹೊಂದ್ಕೊಂಡು ಹೋಗ್ತೇನಿ. ಈ ದನಿ ಮೊದಲ ದಿನದಿಂದ ನಿಮ್ಮ ಸಲುವಾಗೇ ಕರದೈತ್ರಿ, ಲೀಲಾ."

ಆಗ ಯಾಕೋ ಬಸ್‌ಸ್ಟ್ಯಾಂಡು ತೀರಾ ಸುಮ್ಮನಾಗಿದೆ ಅನ್ನಿಸಿತು. ಶಿವಲೀಲಾ ತಿರುಗಿ ನೋಡಿದಳು. ಬಾಳೆಹಣ್ಣಿನವಳು, ಕ್ಯಾಂಟೀನಿನವರು, ಕಾರಟಗಿ ಬಸ್ಸಿನ ಮಂದಿ, ಎಲ್ಲರೂ ನಿಂತಲ್ಲೇ ನಿಂತು ಇತ್ತಲೇ ನೋಡುತ್ತಿದ್ದರು. ಆನೆಗೊಂದಿ ಬಸ್ಸಿನ ಕಿಟಕಿಯಿಂದ ಜಾಸ್ಮೀನ ಅರ್ಧ ಮೈ ಹೊರಗೆ ಹಾಕಿ ಕೂಗಿದಳು:

"ಲೀಲಾ, ಮೈಕ್ ಚಾಲೂ ಐತೇ!"

ಪ್ರಭುರಾಜ ಗಡಬಡಿಸಿ ಮೈಕಿನ ಕಡೆ ಕೈ ಚಾಚಿದ. ಬಂದ್ ಮಾಡಲಿಕ್ಕೆ ಹೋದ ಕೈ ನಡುವೆಯೇ ನಿಂತಿತು. ಅವಳ ಮುಖ ನೋಡಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಆದರೆ ಕಿಟಕಿ ಬಿಟ್ಟು ಹೋಗಲಿಲ್ಲ. ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಪ್ರಯಾಣಿಕರ ಗಮನಕ್ಕೆ. ಆನೆಗೊಂದಿಗೆ ಹೋಗುವ ಬಸ್ಸು ಇಂದು ಸ್ವಲ್ಪ ತಡವಾಗಿ ಹೊರಡಲಿದೆ."

ಯಾರೂ ತಕರಾರು ಮಾಡಲಿಲ್ಲ. ಡ್ರೈವರು ಎಂಜಿನ್ ಬಂದ್ ಮಾಡಿ ಆರಾಮಾಗಿ ಹಿಂದಕ್ಕೆ ಒರಗಿ ಕೂತ.