ರೋಮಿ–ಶರ್ಮಿಯ ಎರಡು ನೆಗೆಟಿವ್

ಬೆಳಗ್ಗೆ ಹತ್ತೂವರೆಗೆ ಆ ಫೋಟೋ ಗ್ರೂಪಿಗೆ ಬಿತ್ತು. ಹನ್ನೊಂದರ ಹೊತ್ತಿಗೆ ಅದರ ಕೆಳಗೆ ನೂರಾ ಎಂಬತ್ತು ಕೆಂಪು ಹೃದಯಗಳು, ನಲವತ್ತು ಅಳುವ ಮುಖಗಳು, ಜೊತೆಗೆ ಬ್ಯಾಂಕಿನಿಂದ ನಿವೃತ್ತರಾದ ಧರೆಪ್ಪ ಸರ್ ಬರೆದ ನಾಲ್ಕು ಸಾಲಿನ ಮರಾಠಿ ಕವಿತೆ.

ಗ್ರೂಪಿನ ಹೆಸರು 'ರೋಮಿ–ಶರ್ಮಿ ಫಾರೆವರ್, ಸಾಂಗ್ಲಿ–ಮಿರಜ'. ಎಂಬತ್ತರ ದಶಕದಲ್ಲಿ ಊರೆಲ್ಲ ಕ್ಯಾಸೆಟ್ ಮಾರಿದ ಪಾಪ್ ಜೋಡಿ ಅದು. ಅವನಿಗೆ ಬಿಳಿ ಕೋಟು, ಅವಳ ಹಣೆಗೆ ಜರಿಪಟ್ಟಿ. ಹಾಡು ಕೇಳಿದರೆ ಪಾತ್ರೆ ಅಂಗಡಿಯಲ್ಲಿ ಬೆಕ್ಕು ಓಡಿದ ಹಾಗೆ. ಆದರೂ ಅರವತ್ತರ ಅಂಚಿನ ಮುನ್ನೂರು ಜನ ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಇವರ ಹಳೆಯ ಫೋಟೋ ಹಂಚಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನನ್ನು ಈ ಭಜನಾ ಮಂಡಳಿಗೆ ಸೇರಿಸಿದವಳು ಚಿಕ್ಕಪ್ಪನ ಮಗಳು ಮೃಣಾಲ. ನಾನು ಬಿಡದೆ ಉಳಿದದ್ದು ಪುಕ್ಕಟೆ ತಮಾಷೆಗಾಗಿ.

ಆದರೆ ಆವತ್ತಿನ ಫೋಟೋ ನೋಡಿ ಮೈ ಉರಿಯಿತು. ರೋಮಿ ಬಾಗಿ ಶರ್ಮಿಯ ಕಡೆ ನೋಡುತ್ತಿದ್ದಾನೆ, ಅವಳು ಮುಖ ಎತ್ತಿ ಅವನನ್ನು. ಅದನ್ನು ತೆಗೆದವರು ನಮ್ಮ ಅಪ್ಪ ಧನಪಾಲ, ಮಿರಜಿನ ನಮ್ಮದೇ ಸ್ಟುಡಿಯೋದಲ್ಲಿ. ಮೂಲೆಯಲ್ಲಿ ಮಾತ್ರ 'ಸುನಂದಾ ಕಲೆಕ್ಷನ್' ಎಂಬ ಮುದ್ರೆ. ಮೈಕ್ ಒತ್ತಿ ಮೃಣಾಲಳಿಗೆ ಹೇಳಿದೆ:

“ಈ ಅಡ್ಮಿನ್ ಅನ್ನೋ ಕತ್ತೀನ್ನ ನೋಡ. ನಮ್ಮಪ್ಪ ತಗದ ಫೋಟೋಕ್ಕ ತನ್ನ ಹೆಂಡ್ತಿ ಹೆಸರ ಬಡದ ಕುಂತೈತಿ. ಹುಲ್ಲ ತಿನ್ನೂದ ಬಿಟ್ಟ ಇದಕ್ಕ ಪ್ರೀತಿ ಏನ ತಿಳೀತೈತಿ?”

ಕಳಿಸಿದ ಮೇಲೆ ನೋಡಿದರೆ ಅದು ಹೋಗಿದ್ದು ಗ್ರೂಪಿಗೆ. ನಾನೇನೂ ಗಾಬರಿಯಾಗಲಿಲ್ಲ. ಗ್ರೂಪಿನ ವ್ಯವಹಾರವೆಲ್ಲ ಮರಾಠಿ. ನಮ್ಮ ಕಡೆ ಕನ್ನಡವನ್ನು ಮನೆಗೆ ಮತ್ತು ಬೈಗುಳಕ್ಕೆಂದೇ ಇಟ್ಟುಕೊಂಡಿದ್ದೇವೆ. ಬಸ್ಸಿನಲ್ಲಿ, ಸೀರೆ ಅಂಗಡಿಯಲ್ಲಿ ಎದುರಿನವರನ್ನು ಅವರ ಮುಂದೆಯೇ ಕನ್ನಡದಲ್ಲಿ ಆಡಿಕೊಂಡು, ಮರಾಠಿಯಲ್ಲಿ ಮುಗುಳ್ನಗುತ್ತೇವೆ. ಎದುರಿನವರ ಮನೆಮಾತೂ ಕನ್ನಡವೇ ಎಂದು ಹತ್ತಕ್ಕೊಂದು ಸಲ ಗೊತ್ತಾಗಿ ಮಾನ ಹೋಗುತ್ತದೆ. ಆದರೂ ಬುದ್ಧಿ ಬಂದಿಲ್ಲ.

ಎರಡು ನಿಮಿಷಕ್ಕೆ ನನಗೊಬ್ಬಳಿಗೇ ಒಂದು ಮೆಸೇಜು ಬಂತು. “ಕತ್ತೀಗೂ ಕನ್ನಡಾ ತಿಳೀತೈತ್ರಿ. ಸುನಂದಾ ನಮ್ಮ ಅವ್ವ. ನಾಳೆ ಮಿರಜಿಗೆ ಬರ್ತೇನಿ, ನಿಮ್ಮ ಅಪ್ಪಾರ ಕಡೆ ಮಾಫಿ ಕೇಳಾಕ. ಓಂಕಾರ.”

ಮರುದಿನ ಬಂದೇ ಬಿಟ್ಟ. ಮೂವತ್ತೈದರ ಆಸುಪಾಸು. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅವರದು ಅರಿಸಿನದ ವ್ಯಾಪಾರ, ಉಗುರಿನ ಸಂದಿಯೆಲ್ಲ ಹಳದಿ. ನೋಡಲು ಚೆನ್ನಾಗಿದ್ದ ಎಂದು ಬರೆಯುವುದು ನನಗೆ ಇಷ್ಟವಿಲ್ಲ. ಆದರೆ ಇದ್ದ.

“ಕುಂದ್ರಿ ಅನ್ನೂದಿಲ್ಲೇನ್ರಿ?” ಎಂದ.

“ಕುರ್ಚಿ ಗಿರಾಕಿಗೋಳಿಗೆ ಐತ್ರಿ.”

“ಹಂಗಾರ ಪಾಸ್‌ಪೋರ್ಟ್ ಫೋಟೋ ತಗೀರಿ.”

ದೀಪದ ಕೆಳಗೆ ಕೂತ. ನಾನು ಕ್ಯಾಮೆರಾ ಹಿಂದೆ ನಿಂತೆ. “ಗದ್ದ ಮ್ಯಾಲ ಮಾಡ್ರಿ. ನಗಬಾರದ.”

“ನಿಮ್ಮ ಮಾರಿ ನೋಡಿದ ಮ್ಯಾಲ ನಗು ಹೆಂಗ ಬರ್ತೈತ್ರಿ?”

ತುಟಿ ಬಿಗಿಹಿಡಿದಿದ್ದ. ಕಣ್ಣು ಮಾತ್ರ ನಗುತ್ತಲೇ ಇತ್ತು, ಅದೂ ಲೆನ್ಸಿನ ಕಡೆಗಲ್ಲ, ಅದರ ಮೇಲಿನಿಂದ ನನ್ನ ಕಡೆಗೆ. ಮೂರು ಸಲ ತೆಗೆಯಬೇಕಾಯಿತು. ಮೂರನೆಯ ಸಲ ಗುಂಡಿ ಒತ್ತಲು ಮರೆತದ್ದು ನಾನು.

ಅಷ್ಟರಲ್ಲಿ ಅಪ್ಪ ಒಳಗಿನಿಂದ ಬಂದರು. ಕಣ್ಣು ಮಂಜಾಗಿದೆ, ಆದರೆ ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಅವರ ಬೆರಳಿಗೆ ಗೊತ್ತು. ಓಂಕಾರ ಕಾಲು ಮುಟ್ಟಿ ತಪ್ಪಾಯಿತೆಂದ. ಅಪ್ಪ ಕರಗಿ ಹೋಗಿ ಒಂದು ಡಬ್ಬಿ ತಂದು, ಬೆಳಕಿನ ಹಲಗೆಯ ಮೇಲೆ ಎರಡು ನೆಗೆಟಿವ್ ಇಟ್ಟರು. ಒಂದರಲ್ಲಿ ರೋಮಿ ಒಬ್ಬನೇ. ಇನ್ನೊಂದರಲ್ಲಿ ಶರ್ಮಿ ಒಬ್ಬಳೇ.

“ಬ್ಯಾರೆ ಬ್ಯಾರೆನ ತಗದ ಆಮ್ಯಾಲ ಕೂಡ್ಸೇನಪಾ,” ಎಂದರು.

ಆಗಿನ ಕಾಲದಲ್ಲಿ ಅದೇ ಅಪ್ಪನ ಹೆಸರುವಾಸಿ ಕೆಲಸ. ನಮ್ಮ ಜೈನರ ಮನೆಗಳಲ್ಲಿ, ಲಿಂಗಾಯತ ವ್ಯಾಪಾರಿಗಳ ಮನೆಗಳಲ್ಲಿ, ಮದುವೆ ನಿಶ್ಚಯವಾದರೂ ಅಕ್ಕಿಕಾಳು ಬೀಳುವವರೆಗೆ ಹುಡುಗ ಹುಡುಗಿ ಒಟ್ಟಿಗೆ ಕೂರುವಂತಿರಲಿಲ್ಲ. ಮುಂಬಯಿಯ ನೆಂಟರಿಗೆ ಮಾತ್ರ ಜೋಡಿ ಫೋಟೋ ಬೇಕು. ಸೋಮವಾರ ಹುಡುಗಿ, ಬುಧವಾರ ಹುಡುಗ ಬಂದು ಹೋದರೆ ಅಪ್ಪ ಕತ್ತಲೆಕೋಣೆಯಲ್ಲಿ ಎರಡನ್ನೂ ಕೂಡಿಸಿ ಕೊಡುತ್ತಿದ್ದರು.

“ಗಣಪತಿ ಹಬ್ಬಕ್ಕ ಹಾಡಾಕ ಬಂದಿದ್ರು,” ಎಂದರು ಅಪ್ಪ. “ಇಬ್ಬರೂ ಬ್ಯಾರೆ ಬ್ಯಾರೆ ಮೋಟಾರದಾಗ. ಜಗಳಾಡಿ ಮಾತ ಬಿಟ್ಟಿದ್ರು. ಒಬ್ಬರ ಹ್ವಾದ ಮ್ಯಾಲ ಒಬ್ಬರು ಬಂದ ಕುಂತ್ರು. ಆಂವ ನೋಡಾಕತ್ತಿದ್ದು ನನ್ನ ಟೇಬಲ್ ಮ್ಯಾಲಿನ ಭಡಂಗದ ಪುಡಕಿ. ಆಕಿ ನೋಡಾಕತ್ತಿದ್ದು ಗಡಿಯಾರ, ರೈಲ ತಪ್ಪತೈತಿ ಅಂತ.”

ನನಗೆ ಹಬ್ಬವೋ ಹಬ್ಬ. ಮುನ್ನೂರು ಜನರ ಕಣ್ಣೀರು ಒಂದು ಪೊಟ್ಟಣ ಚುರುಮುರಿಗೆ! ಓಂಕಾರ ನಗಲಿಲ್ಲ. ನೆಗೆಟಿವ್ ಎರಡನ್ನೂ ನೋಡಿ, ನನ್ನತ್ತ ತಿರುಗಿದ.

“ಅವ್ವಂದು ಮೊಣಕಾಲ ಆಪರೇಶನ್ ಆಗಿತ್ರಿ. ಅಪ್ಪ ತೀರಿಕೊಂಡ ವರ್ಷಾನ ಅದು. ಎರಡ ತಿಂಗಳ ಹಾಸಗ್ಯಾಗ ಇದ್ಲು, ಮಾತ ಬಿಟ್ಟಿದ್ಲು. ಆಕೀಗೆ ಈ ಹಾಡ ಸೇರತಾವ ಅಂತ ಗ್ರೂಪ್ ಮಾಡಿದ್ನಿ. ನನಗ ಆ ರೋಮಿ ಹಾಡ ಒಂದೂ ಬರೂದಿಲ್ಲ. ಮುಂದಿನ ತಿಂಗಳ ಸಾಂಗ್ಲಿ ವಿಶ್ರಾಮಬಾಗದಾಗ ಗ್ರೂಪಿನವರೆಲ್ಲಾ ಕೂಡೋರದಾರ, ಅವ್ವನ ಕೈಲೆ ಈ ಫೋಟೋದ ದೊಡ್ಡ ಪ್ರತಿ ಬಿಡುಗಡೆ. ಆಕೀಗೆ ನಾ ಮೆಲ್ಲಕ ಹೇಳ್ತೇನಿ. ನಿಮ್ಮ ಅಪ್ಪಾರ ಹೆಸರೂ ಹಾಕಸ್ತೇನಿ. ಅಲ್ಲೀತನಾ ಗ್ರೂಪಿನ್ಯಾಗ ಏನೂ ಅನಬ್ಯಾಡ್ರಿ.”

“ಮಲಗಿದ ಮೂರ್ಖರನ್ನ ಎಬ್ಬಸೂದು ನನ್ನ ಕೆಲಸಲ್ರಿ.”

“ಅದನ್ನ ಹೂಂ ಅಂತ ತಿಳಕೋತೇನಿ,” ಎಂದು ಮತ್ತೆ ಅದೇ ಕಣ್ಣಿನ ನಗು ನಕ್ಕ.

ಆಮೇಲೆ ಅವನಿಗೆ ಮಿರಜಿನಲ್ಲಿ ಕೆಲಸವೋ ಕೆಲಸ. ಒಂದು ದಿನ ಆಧಾರ್ ಕಾರ್ಡಿನ ಝೆರಾಕ್ಸು, ಒಂದು ದಿನ ಹಳೆಯ ಫೋಟೋ ಸ್ಕ್ಯಾನು. ಸಾಂಗ್ಲಿಯಲ್ಲಿ ಝೆರಾಕ್ಸ್ ಮಶಿನ್ನುಗಳೆಲ್ಲ ಸತ್ತಿವೆಯೇ ಎಂದು ಕೇಳಿದೆ. ಇದ್ದಾವೆ, ಆದರೆ ಅವು ಬೈಯುವುದಿಲ್ಲ ಎಂದ. ಹೊತ್ತು ಮುಳುಗುವ ಮೊದಲು ಊಟ ಮಾಡುವುದು ನಮ್ಮ ಮನೆಯ ನೇಮ. ಅಪ್ಪ ಅವನನ್ನೂ ಕೂರಿಸಿಕೊಳ್ಳತೊಡಗಿದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಲ್ಯವನ್ನು ಅವನು ಎರಡೆರಡು ಸಲ ಹಾಕಿಸಿಕೊಂಡ.

“ನೀವ್ಯಾಕ ಇಷ್ಟ ಕಹಿ?” ಎಂದು ಒಂದು ಸಂಜೆ ಕೇಳಿದ.

“ಹತ್ತ ವರ್ಷದಿಂದ ಜೋಡಿಗೋಳ ಫೋಟೋ ತಿದ್ದಾಕತ್ತೇನ್ರಿ. ಪ್ರೀತಿ ಎಲ್ಲೂ ಕಂಡಿಲ್ಲ. ಮೊಡವಿ ಕಂಡಾವ.”

ಊಟದ ತಾಟು ಬಿಟ್ಟು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಮಾತಿಗೆ ಜನ ಮುಖ ಸಿಂಡರಿಸುವುದು ರೂಢಿ. ನನ್ನನ್ನು ನೋಡಲು ಬಂದಿದ್ದ ನಾಲ್ವರು ವರರೂ ಹಾಗೆಯೇ ಎದ್ದು ಹೋಗಿದ್ದರು. ಇವನು ಇನ್ನೊಂದು ಮಾತಿಗಾಗಿ ಕಾಯುತ್ತಾ ಕೂತಿದ್ದ. ಮೂವತ್ಮೂರನೇ ವಯಸ್ಸಿನಲ್ಲಿ ನನಗೆ ಬುದ್ಧಿ ಕೆಟ್ಟಿತು. ಅವನ ಮೇಲೆ ಮನಸ್ಸಾಯಿತು. ಅವನ ಬೈಕಿನ ಸದ್ದಿಗೆ ಕೂದಲು ಸರಿಮಾಡಿಕೊಳ್ಳುವ ನನ್ನನ್ನು ಕನ್ನಡಿಯಲ್ಲಿ ಕಂಡು ನನಗೇ ಹೇಸಿಗೆಯಾಯಿತು.

ಕಾರ್ಯಕ್ರಮದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಧರೆಪ್ಪ ಸರ್ ಗ್ರೂಪಿನಲ್ಲಿ ಬರೆದರು. ಇಂಥ ನೋಟ ಈಗಿನವರಿಗೆಲ್ಲಿ ಬರಬೇಕು, ಮದುವೆಯಿಲ್ಲದೆ ಉಳಿದು ಹುಳಿಯಾದ ಹೆಣ್ಣುಮಕ್ಕಳು ಈ ಫೋಟೋ ನೋಡಿ ಪ್ರೀತಿ ಕಲಿಯಲಿ, ಎಂದು. ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಆದರೂ ಮಾತು ನೆಟ್ಟಗೆ ನನಗೆ ತಾಗಿತು. ಎರಡೂ ನೆಗೆಟಿವ್‌ಗಳನ್ನು ಅಕ್ಕಪಕ್ಕ ಇಟ್ಟು ಗ್ರೂಪಿಗೆ ಹಾಕಿದೆ. ಕೆಳಗೆ ಮರಾಠಿಯಲ್ಲಿ ಬರೆದೆ: ನೀವು ಪೂಜೆ ಮಾಡುವ ಪ್ರೇಮ ಇದು, ಅವನು ನೋಡುತ್ತಿರುವುದು ಭಡಂಗ, ಅವಳು ನೋಡುತ್ತಿರುವುದು ಗಡಿಯಾರ, ಅಳುವುದಿದ್ದರೆ ಈಗ ಅಳಿ.

ಹತ್ತು ನಿಮಿಷ ಬಹಳ ಸುಖವಾಗಿತ್ತು. ಆಮೇಲೆ ನಿನ್ನೆಯವರೆಗೆ ಅಳುತ್ತಿದ್ದವರೇ ಹಲ್ಲು ಕಿರಿಯತೊಡಗಿದರು. ಸುನಂದಾತಾಯಿ, ನಿಮ್ಮ ಕಲೆಕ್ಷನ್ನಿನಲ್ಲಿ ಇನ್ನೆಷ್ಟು ಬೋಗಸ್ ಇವೆ ಎಂದು ಒಬ್ಬಳು ಕೇಳಿದಳು. ಒಬ್ಬ ಭಡಂಗದ ಚಿತ್ರ ಹಾಕಿದ. ಸುನಂದಾಬಾಯಿ 'ಕ್ಷಮಿಸಿ' ಎಂಬ ಒಂದೇ ಮಾತು ಬರೆದು ಗ್ರೂಪಿನಿಂದ ಹೊರಟುಹೋದರು. ಕಾರ್ಯಕ್ರಮ ರದ್ದಾಯಿತು. ಓಂಕಾರ ಏನೂ ಬರೆಯಲಿಲ್ಲ. ನನಗೂ ಬರೆಯಲಿಲ್ಲ.

ಎಂಟು ದಿನ ಕಳೆದವು. ಬೈಕಿನ ಸದ್ದು ಇಲ್ಲ. ಅಪ್ಪ ಊಟದ ಹೊತ್ತಿಗೆ ಎರಡೇ ತಾಟು ಇಟ್ಟದ್ದನ್ನು ಕೈಯಿಂದ ಸವರಿ ನೋಡಿದರು.

“ನಿಂದ ಖರೇ ಐತವಾ. ಆದ್ರ ಆ ಫೋಟೋ ಕೂಡಿಸಿದಾಂವ ನಾ. ಬೈಯೂದಿದ್ರ ನನ್ನ ಬೈಬೇಕಿತ್ತು. ಆ ಹೆಣ್ಣಮಗಳ ಮಾನ ಯಾಕ ಕಳದಿ?”

ಮರುದಿನ ಬೆಳಗ್ಗೆ ಸಾಂಗ್ಲಿಯ ಬಸ್ಸು ಹತ್ತಿದೆ.

ಅವರ ಗೋದಾಮಿನಲ್ಲಿ ಅರಿಸಿನ ಪಾಲಿಶ್ ಮಾಡುವ ದೊಡ್ಡ ಡ್ರಮ್ಮು ಗಡಗಡ ತಿರುಗುತ್ತಿತ್ತು. ಹಮಾಲರು ಚೀಲ ಹೊರುತ್ತಿದ್ದರು. ಬಾಗಿಲ ಪಕ್ಕದ ಆಫೀಸಿನಲ್ಲಿ ಕಾಲು ಚಾಚಿ ಕೂತಿದ್ದ ಹೆಂಗಸೇ ಸುನಂದಾಬಾಯಿ ಎಂದು ಮೊಣಕಾಲ ಪಟ್ಟಿಯಿಂದ ಗೊತ್ತಾಯಿತು. ಹೆಸರು ಹೇಳಿದೆ. ತಪ್ಪಾಯಿತೆಂದೆ. ಅವರು ಕನ್ನಡಕ ತೆಗೆದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ನನ್ನ ನಿಶ್ಚಯದ ಫೋಟೋನೂ ನಿಮ್ಮಪ್ಪಾರ ಕೂಡಿಸಿದ್ದವಾ. ಅದರಾಗ ನಾ ಏನ ನೋಡಾಕತ್ತಿದ್ನೋ ಯಾರಿಗ್ಗೊತ್ತ. ಆಮ್ಯಾಲ ನಮ್ಮ ಮನಿಯವರ ಜೋಡಿ ಮೂವತ್ತಾರ ವರ್ಷ ಸಂಸಾರ ಮಾಡೇನಿ. ಫೋಟೋ ಸುಳ್ಳ ಇರ್ತಾವ ಅಂತ ನೀ ನನಗ ಕಲಸಬೇಕಾಗಿಲ್ಲ. ನಾಕ ಮಂದ್ಯಾಗ ನನ್ನ ನಗಿಗೇಡ ಮಾಡಿದಿ. ಸಿಟ್ಟ ಅದಕ್ಕ.”

ಇಷ್ಟು ದಿನ ನಾನು ಮೂರ್ಖರ ಪಟ್ಟಿ ಮಾಡುತ್ತಾ ಬಂದವಳು. ಆ ಹೊತ್ತಿಗೆ ಅದರ ಮೊದಲ ಹೆಸರು ಯಾರದೆಂದು ತಿಳಿಯಿತು. “ಹೌದ್ರಿ, ತಪ್ಪ ನಂದ,” ಎಂದೆ. ಅವರು ಗದ್ದದಿಂದಲೇ ಗೋದಾಮಿನ ಒಳಗೆ ತೋರಿಸಿದರು.

ಓಂಕಾರ ಡ್ರಮ್ಮಿನ ಹತ್ತಿರ ನಿಂತಿದ್ದ. ತಲೆಯೆಲ್ಲ ಹಳದಿ ಪುಡಿ. ನನ್ನನ್ನು ಕಂಡು ನಗಲಿಲ್ಲ, ಕಣ್ಣಿನಿಂದಲೂ.

“ಅವ್ವಗ ಅವತ್ತ ಸಂಜೀಗೆ ಹೇಳಾಂವ ಇದ್ನ್ರಿ. ನೀವು ಮಧ್ಯಾಹ್ನನ ಹೇಳಿದ್ರಿ. ಮಂದಿ ಮುಂದ.”

“ತಪ್ಪಾತು.”

“ಆತು ಬಿಡ್ರಿ.” ಕೈ ಝಾಡಿಸಿಕೊಂಡ. “ಶುಕ್ರವಾರ ಇಸ್ಲಾಂಪುರಕ್ಕ ಹೊಂಟೇವಿ. ಕನ್ಯಾ ನೋಡಾಕ. ಪ್ರಣಿತಾ ಅಂತ. ನಮ್ಮ ಮಂದ್ಯಾಗಿನ ಹುಡುಗಿ.”

“ಛಲೋ ಆತಲ್ರಿ. ನೋಡ್ರಿ. ಜೋಡಿ ಫೋಟೋಕ್ಕ ನಮ್ಮಲ್ಲೇ ಬರ್ರಿ,” ಎಂದು ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು.

ತಿರುಗಿ ಬಾಗಿಲವರೆಗೆ ಹೋದೆ. ಆ ಬಾಯಿಯ ಮೇಲೆ ನನಗೆ ಹುಟ್ಟಿದ ತಿರಸ್ಕಾರ ರೋಮಿ, ಶರ್ಮಿ, ಧರೆಪ್ಪ ಸರ್ ಎಲ್ಲರ ಮೇಲಿನದನ್ನೂ ಮೀರಿತ್ತು. ಅವನು ಜೈನನಲ್ಲ, ನಾನು ಲಿಂಗಾಯತಳಲ್ಲ. ಅಪ್ಪ ಒಪ್ಪುತ್ತಾರೋ ಇಲ್ಲವೋ, ಇವರವ್ವ ನನ್ನ ಮುಖ ಇನ್ನೊಮ್ಮೆ ನೋಡುತ್ತಾರೋ ಇಲ್ಲವೋ. ಶುಕ್ರವಾರಕ್ಕೆ ನಾಲ್ಕೇ ದಿನ. ವಾಪಸು ಬಂದು ಅವನ ಎದುರು ನಿಂತೆ.

“ಹೋಗಬ್ಯಾಡ್ರಿ,” ಎಂದೆ.

ಅವನು ಕಿವಿಯ ಹತ್ತಿರ ಕೈ ಇಟ್ಟು ಡ್ರಮ್ಮು ತೋರಿಸಿದ. ಕೇಳಿಸಲಿಲ್ಲವಂತೆ.

“ಇಸ್ಲಾಂಪುರಕ್ಕ ಹೋಗಬ್ಯಾಡ್ರಿ!”

“ಯಾಕ್ರಿ?”

ನಾಲಿಗೆಯ ತುದಿಯಲ್ಲಿ ಆರೇಳು ಕೊಂಕು ಉತ್ತರಗಳು ಸಿದ್ಧವಾಗಿ ನಿಂತಿದ್ದವು. ಎಲ್ಲವನ್ನೂ ನುಂಗಿದೆ.

“ನಾ ಇದ್ದೇನಲ್ರಿ! ನನಗ ನೀವ ಬೇಕ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ.

ಅದೇ ಹೊತ್ತಿಗೆ ಯಾರೋ ಸ್ವಿಚ್ ಆರಿಸಿದರು. ನನ್ನ ದನಿ ತಗಡಿನ ಮಾಡಿಗೆ ಬಡಿದು ಗೋದಾಮಿನ ತುಂಬ ಹೋಯಿತು. ಚೀಲ ಹೊತ್ತ ಹಮಾಲರು ನಿಂತಲ್ಲೇ ನಿಂತರು. ಆಫೀಸಿನ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು.

“ಓಂಕಾರ,” ಎಂದರು ಸುನಂದಾಬಾಯಿ, “ಇಸ್ಲಾಂಪುರದವರಿಗೆ ಫೋನ್ ಹಚ್ಚು. ಬರೂದಿಲ್ಲ ಅಂತ ಹೇಳು. ಈಕೀ ಮ್ಯಾಲಿನ ಸಿಟ್ಟ ನಂದಿನ್ನಾ ಹೋಗಿಲ್ಲ. ಮನ್ಯಾಗ ಇಟ್ಕೊಂಡ ತೀರಸ್ಕೋತೇನಿ.”

ಓಂಕಾರ ಫೋನು ತೆಗೆದ. ಒತ್ತುವ ಮೊದಲು ನನ್ನ ಕಡೆ ಸ್ವಲ್ಪ ಬಾಗಿ ಮೆಲ್ಲಗೆ ಹೇಳಿದ:

“ಮೊದಲನೇ ಸಲಾನ ಕೇಳಿಸಿತ್ರಿ.”

ಅವನಿಗೆ ತಕ್ಕ ಬೈಗುಳ ಹುಡುಕಿ ಬಾಯಿ ತೆರೆದೆ. ಹಮಾಲರೆಲ್ಲರ ಎದುರು, ಅವರವ್ವನ ಎದುರು, ಬಂದದ್ದು ನಗು.