ಹದಿನೇಳನೇ ಪೆಟ್ಟಿಗೆಯ ಮೂಳೆ

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಹೆಡ್ ಕಾನ್‌ಸ್ಟೇಬಲ್ ಒಪ್ಪಲಿಲ್ಲ. ಮೂವತ್ತೆರಡರ ಸಂಶೋಧಕಿಯೊಬ್ಬಳು ಎದುರಿಗೆ ನಿಂತು, ಪ್ರಯೋಗಾಲಯದಿಂದ ಮೂಳೆಯೊಂದು ಕಳುವಾಗಿದೆ ಎನ್ನುತ್ತಿದ್ದಳು.

“ಎಷ್ಟು ಹಳೇದು?”

“ಮೂರು ಸಾವಿರ ವರ್ಷ ಅಂತ ಪೆಟ್ಟಿಗೆ ಮೇಲೆ ಬರ್ದಿದೆ.”

“ಇಷ್ಟು ದಿನ ಯಾರೂ ಕೇಳ್ಲಿಲ್ವಲ್ಲಮ್ಮ, ಈಗೇನು ಅರ್ಜೆಂಟು?”

ಒಳಗಿದ್ದ ಇನ್‌ಸ್ಪೆಕ್ಟರ್ ಅವಳನ್ನು ಕರೆಸಿ ಕೂರಿಸಿದರು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಆ ಮಹಿಳೆಗೆ ಬೆಲೆಯಿಲ್ಲದ ವಸ್ತು ಕಳುವಾದರೇ ಹೆಚ್ಚು ಅನುಮಾನ.

ಸಂಶೋಧಕಿ ಹೇಳಿದ್ದು ಇಷ್ಟು. ಎಂದೋ ಸತ್ತವರ ಮೂಳೆಯಿಂದ ಡಿಎನ್ಎ ತೆಗೆದು, ಅವರು ಯಾರ ಪೈಕಿ, ಎಲ್ಲಿಂದ ಬಂದವರು ಎಂದು ಕಂಡುಹಿಡಿಯುವುದು ಅವಳ ಪ್ರಯೋಗಾಲಯದ ಕೆಲಸ. ಕಿವಿಯೊಳಗಿನ ಮೂಳೆ ಕಲ್ಲಿನಷ್ಟು ಗಟ್ಟಿ, ಅದರಲ್ಲಿ ಡಿಎನ್ಎ ಬಹುಕಾಲ ಉಳಿಯುತ್ತದೆ. ಬದುಕಿರುವವರ ಎಂಜಲು, ಬೆವರು, ಕೂದಲು ತಗುಲಿದರೆ ಎಲ್ಲವೂ ಹಾಳು. ಅದಕ್ಕೇ ಒಳಗೆ ಕಾಲಿಡುವ ಪ್ರತಿಯೊಬ್ಬರೂ ಕೆನ್ನೆಯ ಒಳಗಿನ ಮಾದರಿ ಕೊಟ್ಟಿರಬೇಕು. ಮೂಳೆಯ ಫಲಿತಾಂಶ ಅವರಲ್ಲಿ ಯಾರಿಗಾದರೂ ಹೊಂದಿದರೆ ಅವರ ಕೈ ತಗುಲಿದೆ ಎಂದರ್ಥ, ಆ ಮಾದರಿ ಕಸದ ಬುಟ್ಟಿಗೆ.

ಜನವರಿಯಲ್ಲಿ ಅವಳ ಪಿಎಚ್‌ಡಿ ಗೈಡ್ ಸಮ್ಮೇಳನಕ್ಕೆ ಹೋಗಿದ್ದಾಗ, ಅವರು ಸದಾ ‘ಅದು ಬೇಡ ಬಿಡಿ’ ಎನ್ನುತ್ತಿದ್ದ ಹದಿನೇಳನೇ ಪೆಟ್ಟಿಗೆಯನ್ನು ಅವಳು ತೆರೆದು ಮೂಳೆ ಕೊರೆದಿದ್ದಳು. ಫಲಿತಾಂಶದಲ್ಲಿ ಹಳೆಯ ಡಿಎನ್ಎಯ ಸವೆತವಿರಲಿಲ್ಲ. ಅದು ಗೈಡ್‌ಗೇ ಹೊಂದುತ್ತಿತ್ತು. ಅವರು ವಾಪಸು ಬಂದು ಎಲ್ಲರೆದುರು, “ಆರು ವರ್ಷದಲ್ಲಿ ಮೇಜು ಒರೆಸಿ ಕೈ ತೊಳೆಯೋದೂ ಕಲೀಲಿಲ್ವಾ?” ಎಂದರು. ಪ್ರಬಂಧ ನಿಂತಿತು. ಮತ್ತೊಮ್ಮೆ ಕೊರೆದು ತನ್ನ ಕೆಲಸ ಸರಿಯಿತ್ತೆಂದು ತೋರಿಸಲು ಸೋಮವಾರ ಪೆಟ್ಟಿಗೆ ತೆರೆದರೆ ಮೂಳೆಯೇ ಇಲ್ಲ.

“ಅವ್ರ ಡಿಎನ್ಎಗೆ ಪೂರ್ತಿ ಹೊಂದುತ್ತಾ?”

“ಇಲ್ಲ ಮೇಡಂ, ಅರ್ಧದಷ್ಟು. ಬೇರೆ ಯಾರದೋ ಕೂಡ ಬೆರೆತಿದೆ ಅಂದ್ರು ಸಾರ್. ನಾನೂ ಹಾಗೇ ಅಂದ್ಕೊಂಡೆ.”

“ತಾಯಿ ಕಡೆಯಿಂದ ಬರೋದು?”

“ಅದು ಪೂರ್ತಿ ಹೊಂದುತ್ತೆ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ನಮ್ಮ ಕೇಸುಗಳಲ್ಲಿ ಹೀಗೆ ಬಂದ್ರೆ ನಾವು ಕೊಳೆ ಅನ್ನಲ್ಲಮ್ಮ. ಒಡಹುಟ್ಟಿದವರು ಅಂತೀವಿ.”

ಆರು ವರ್ಷ ಡಿಎನ್ಎ ಓದಿದವಳಿಗೆ ಇದು ಹೊಳೆದಿರಲಿಲ್ಲ. ಹೊಸ ಡಿಎನ್ಎ ಕಂಡರೆ ಒರೆಸಿ ಎಸೆಯಬೇಕೆಂದೇ ಅವಳಿಗೆ ಕಲಿಸಿದ್ದರು. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಪಂಚನಾಮೆ. ಎರಡು ಬಾಗಿಲು, ನಡುವೆ ಬಟ್ಟೆ ಬದಲಿಸುವ ಕೋಣೆ, ಮೂಗು ಉರಿಯುವಷ್ಟು ಬ್ಲೀಚ್ ವಾಸನೆ. ಮುಖಗವಸು ಹಾಕಿಕೊಂಡ ಹೆಡ್ ಕಾನ್‌ಸ್ಟೇಬಲ್ ಬಾಗಿಲ ಬಳಿಯ ರಿಜಿಸ್ಟರ್ ತಿರುವಿದರು. ಮಾರ್ಚ್ ಎಂಟು, ಭಾನುವಾರ, ಸಂಜೆ ನಾಲ್ಕು ಹತ್ತಕ್ಕೆ ಗೈಡ್ ಒಳಗೆ ಹೋಗಿದ್ದರು. ಸಹಿ ಹಾಕದೆ ಯಾರೂ ಒಳಗೆ ಹೋಗಕೂಡದೆಂಬ ನಿಯಮ ಅವರದೇ.

“ಕದಿಯೋಕೆ ಬಂದೋರೂ ಸಹಿ ಹಾಕಿದಾರೆ ಮೇಡಂ. ನಮ್ಮ ಕಳ್ಳರಿಗೆ ಈ ಶಿಸ್ತು ಯಾವಾಗ ಬರುತ್ತೋ.”

ಇನ್‌ಸ್ಪೆಕ್ಟರ್ ನಗಲಿಲ್ಲ. ಎಸೆಯಲು ಹೇಳಿದ್ದರೂ ಸಂಶೋಧಕಿ ಎಸೆಯದೆ ಫ್ರೀಜರಿನಲ್ಲಿಟ್ಟಿದ್ದ, ಜನವರಿಯಲ್ಲಿ ಕೊರೆದ ಒಂದು ಚಿಟಿಕೆ ಮೂಳೆಪುಡಿಯನ್ನು ಪಂಚರೆದುರು ಸೀಲ್ ಮಾಡಿದರು.

ಮರುದಿನ ಗೈಡ್ ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಕತ್ತರಿಸಿದ ಉಗುರು.

“ಮೂಳೆ ಎಲ್ಲಿ?”

“ಕೆಟ್ಟ ಮಾದರಿ. ಬ್ಲೀಚಲ್ಲಿ ಹಾಕಿ ಪುಡಿ ಮಾಡ್ದೆ. ಅದು ನಿಯಮ.”

“ರಿಜಿಸ್ಟರಲ್ಲಿ ಬರ್ದಿಲ್ವಲ್ಲ?”

“ಮರೆತೆ.”

“ನಿಮಗೆ ಅಣ್ಣತಮ್ಮಂದಿರು?”

“ತಮ್ಮ ಒಬ್ಬ. ಹೊರದೇಶದಲ್ಲಿದಾನೆ. ತಿಂಗಳಿಗೊಂದು ಕಾಗದ ಬರುತ್ತೆ, ಬೇಕಾದ್ರೆ ಅಮ್ಮನ್ನ ಕೇಳಿ.”

ಹೆಡ್ ಕಾನ್‌ಸ್ಟೇಬಲ್ ನಾಲ್ಕು ದಿನ ಕಚೇರಿಯಿಂದ ಕಚೇರಿಗೆ ಅಲೆದರು. ತಮ್ಮನ ಹೆಸರಿನಲ್ಲಿ ಪಾಸ್‌ಪೋರ್ಟೇ ಆಗಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಒಂದೇ ದಿಬ್ಬದಲ್ಲಿ ಉತ್ಖನನಕ್ಕಿದ್ದರು. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿದ್ದರು. ಒಂಬತ್ತು ವರ್ಷದ ಹಿಂದೆ ಬೇರೊಂದು ತಂಡ ಅದನ್ನೇ ಮತ್ತೆ ಅಗೆದು, ಸಿಕ್ಕ ಮೂಳೆಗಳನ್ನೆಲ್ಲ ಹಳೆಯವೆಂದೇ ತಿಳಿದು, ಪಟ್ಟಿ ಮಾಡಿ ಈ ಪ್ರಯೋಗಾಲಯಕ್ಕೆ ಕಳಿಸಿತ್ತು. ಹದಿನೇಳನೇ ಪೆಟ್ಟಿಗೆ ಬಂದದ್ದು ಅಲ್ಲಿಂದಲೇ.

ಮಾರ್ಚ್ ಹದಿನೇಳರಂದು ಇನ್‌ಸ್ಪೆಕ್ಟರ್ ಗೈಡ್ ಮನೆಗೆ ಹೋದರು. ಮೂರನೇ ಮಹಡಿಯ ಕಿಟಕಿಯ ಪಕ್ಕ ತಾಯಿ ಕುಳಿತಿದ್ದರು. ಎರಡೂ ಕಣ್ಣಿಗೆ ಪೊರೆ.

“ಕಾಗದ ಯಾರು ಓದ್ತಾರಮ್ಮ?”

“ದೊಡ್ಡವನು.”

ಕಾಗದಗಳ ಕಟ್ಟು ಅಲ್ಲೇ ಇತ್ತು. ರಿಜಿಸ್ಟರಿನಲ್ಲಿದ್ದ ಗೈಡ್ ಕೈಬರಹವೇ ಅವುಗಳಲ್ಲೂ. ಇನ್‌ಸ್ಪೆಕ್ಟರ್ ಕಟ್ಟನ್ನು ಅಲ್ಲೇ ಇಟ್ಟು ಹತ್ತಿ ಸುತ್ತಿದ ಕಡ್ಡಿ ತೆಗೆದರು. “ನಿಮ್ಮ ಚಿಕ್ಕ ಮಗನ್ನ ಹುಡುಕ್ತಿದೀವಿ. ಸ್ವಲ್ಪ ಬಾಯಿ ತೆಗೀರಿ.”

ಹೊರದೇಶದಲ್ಲಿರುವ ಮಗನನ್ನು ಯಾಕೆ ಹುಡುಕುತ್ತೀರಿ ಎಂದು ಅವರು ಕೇಳಲಿಲ್ಲ. “ಹುಡುಕಿ ತಾಯಿ” ಎಂದು ಬಾಯಿ ತೆರೆದರು.

ಏಪ್ರಿಲ್ ಎರಡರಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಮೂಳೆಪುಡಿ ಆ ತಾಯಿಯ ಮಗನದು. ಗೈಡ್‌ನದಲ್ಲ. ಬೆರಕೆ ಇಲ್ಲ.

ಸಂಜೆ ಐದಕ್ಕೆ, ತರಗತಿ ಮುಗಿಸಿ ಹೊರಬಂದ ಗೈಡ್‌ನನ್ನು ಬಂಧಿಸಿದರು. ಅವನು ಕೊಸರಾಡಲಿಲ್ಲ. ಹೇಳಿಕೆಯನ್ನು ಪಾಠ ಹೇಳುವವನಂತೆ ಕೊಟ್ಟ. ಅವನಿಗೆ ಹೆಸರು, ಹುದ್ದೆ ಎರಡನ್ನೂ ತಂದುಕೊಟ್ಟ ಮೊದಲ ಲೇಖನದಲ್ಲಿದ್ದ ಪ್ರಾಚೀನ ಡಿಎನ್ಎ ಅವನದೇ ಎಂಜಲಿನದು. ಕಂಡುಹಿಡಿದವನು ತಮ್ಮ. ಲೇಖನ ತಪ್ಪೆಂದು ಪತ್ರಿಕೆಗೆ ನೀನೇ ಬರಿ, ಇಲ್ಲದಿದ್ದರೆ ನಾನು ಬರೆಯುತ್ತೇನೆ ಎಂದಿದ್ದ. ಗುಂಡಿಯ ಅಂಚಿನಲ್ಲಿ ಸಲಿಕೆ ಇತ್ತು.

“ಎಲ್ಲರ ಮಾದರಿ ಇಟ್ಕೋಬೇಕು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?”

“ನನ್ನ ಹಾಗೆ ಇನ್ಯಾರೂ ತಪ್ಪು ಬರೀಬಾರ್ದು ಅಂತ ಮಾಡ್ದೆ,” ಎಂದ. ಅದು ನಿಜವೇ ಇರಬೇಕು. ಒಂದು ಲೇಖನವನ್ನು ಹಿಂತೆಗೆದುಕೊಳ್ಳುವ ನಾಚಿಕೆಗೆ ಹೆದರಿದವನು ಮುಂದಿನ ಇಪ್ಪತ್ತಾರು ವರ್ಷ ಒಂದೂ ತಪ್ಪು ಮಾಡದೆ ಬದುಕಲು ಹೆಣಗಿದ್ದ.

ವರದಿಯ ಪ್ರತಿಯನ್ನು ಸಂಶೋಧಕಿಗೆ ಕೊಟ್ಟು ಇನ್‌ಸ್ಪೆಕ್ಟರ್, “ನಿನ್ನ ಕೈ ಶುದ್ಧವಾಗೇ ಇತ್ತಮ್ಮ,” ಎಂದರು. ಅವಳು ಅದನ್ನು ಎರಡು ಸಲ ಓದಿದಳು. ಆರು ವರ್ಷದ ಕೆಲಸ ಉಳಿದಿತ್ತು. ಸಂತೋಷ ಮಾತ್ರ ಆಗಲಿಲ್ಲ.

ತಾಯಿಗೆ ತಿಳಿಸಲು ಇನ್‌ಸ್ಪೆಕ್ಟರ್ ಒಬ್ಬರೇ ಹೋದರು. ಇಬ್ಬರು ಮಕ್ಕಳ ಸುದ್ದಿಯನ್ನೂ ಒಂದೇ ಉಸಿರಿಗೆ ಹೇಳಿದರು. ಮುದುಕಿ ಮಂಡಿ ನೀವಿಕೊಂಡರು.

“ಸತ್ತಿದಾನೆ ಅಂತ ಗೊತ್ತಿರ್ಲಿಲ್ಲ. ಮುನಿಸ್ಕೊಂಡು ಹೋದ ಅಂದ್ಕೊಂಡಿದ್ದೆ. ಕಾಗದ ಅವನದಲ್ಲ ಅಂತ ಮಾತ್ರ ಗೊತ್ತಿತ್ತು. ಚಿಕ್ಕವನು ಜನ್ಮದಲ್ಲಿ ನನ್ನ ಮಂಡಿ ನೋವು ಕೇಳಿದವನಲ್ಲ. ಕಾಗದದಲ್ಲಿ ಪ್ರತಿ ಸಲ ಕೇಳ್ತಿದ್ದ.”

“ಗೊತ್ತಿದ್ದೂ ಯಾಕಮ್ಮ ಓದಿಸ್ಕೊಂಡ್ರಿ?”

“ಅದನ್ನ ಓದೋಕಾದ್ರೂ ದೊಡ್ಡವನು ತಿಂಗಳಿಗೊಂದ್ಸಲ ಪಕ್ಕದಲ್ಲಿ ಕೂತ್ಕೋತಿದ್ದ.”