ಹೊರಡುವವರ ಕಡುಬು

ಚೀನಾದ ಬಾವ್‌ದಿಂಗ್‌ನಲ್ಲಿ ಊರು ಬಿಟ್ಟು ಹೊರಟವರಿಗೆ ಕಡುಬು, ಮನೆಗೆ ಬಂದವರಿಗೆ ನೂಡಲ್ಸ್. ಇದು ಸಣ್ಣ ಮಕ್ಕಳಿಗೂ ಗೊತ್ತು. ಅಂಥದ್ದರಲ್ಲಿ, ರೈಲಿಗೆ ಒಂದೇ ಗಂಟೆ ಇರುವಾಗ ದೊಂಗ್ ಬಿಸಿ ನೂಡಲ್ಸ್ ತಂದು ಮುಂದಿಟ್ಟದ್ದನ್ನು ನೋಡಿ ಚೂನ್ಯಾಗೆ ಮೈಯೆಲ್ಲ ಉರಿದುಹೋಯಿತು.

"ಹೊರಟು ನಿಂತವಳಿಗೆ ನೂಡಲ್ಸಾ? ಆಟ ಮುಗೀತು, ಮನೇಲಿ ಬಿದ್ದಿರು ಅಂತಾನಾ?"

"ಹಾಗಲ್ಲ ಚೂನ್ಯಾ..." ಎಂದವನ ಕಿವಿ ಕೆಂಪಾಯಿತು. ಅವನು ಮಾತು ಮುಗಿಸುವವರೆಗೂ ಕಾಯದೆ ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು.

ಐವತ್ತೆರಡು ಕಿಲೋ ತೂಕದ ವರ್ಗದ ಕಿಕ್‌ಬಾಕ್ಸಿಂಗ್‌ನಲ್ಲಿ ನಾಲ್ಕು ವರ್ಷ ದೇಶಕ್ಕೇ ಚಾಂಪಿಯನ್ ಆಗಿದ್ದವಳು ಅವಳು. ಎರಡು ವರ್ಷದ ಹಿಂದೆ ವೇ ಮಿನ್ ಎಂಬ ದಕ್ಷಿಣದ ಹುಡುಗಿ ಆ ಚಾಂಪಿಯನ್ ಬೆಲ್ಟ್ ಕಿತ್ತುಕೊಂಡಳು. ಅಲ್ಲಿಂದ ಎದುರು ಸಿಕ್ಕವರೆಲ್ಲ ಬುದ್ಧಿ ಹೇಳುವವರೇ: ಮೂವತ್ತಾಯಿತು, ಇನ್ನು ಸಾಕು ಮಾಡು. ಹೇಳದೆ ಉಳಿದವನು ದೊಂಗ್ ಒಬ್ಬನೇ. ಜಿಮ್ಮಿನ ಕೆಳಗೆ ಪುಟ್ಟ ಹೋಟೆಲ್ ಅವನದು. ಪಂದ್ಯಕ್ಕೆಂದು ತೂಕ ಇಳಿಸುವಾಗ ಅವಳು ಏನೂ ತಿನ್ನುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ಡಬ್ಬಿ ತುಂಬ ಕಡುಬು ಕೊಟ್ಟು ಕಳಿಸುತ್ತಿದ್ದ. ತೂಕ ನೋಡಿಸಿದ ಮೇಲೆ ಅವಳು ತಣ್ಣಗಾದ ಆ ಕಡುಬನ್ನು ಒಂದೂ ಬಿಡದೆ ತಿನ್ನುತ್ತಿದ್ದಳು. ಡಬ್ಬಿ ವಾಪಸ್ ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಬೇಕೆಂದೇ ತಡಮಾಡುತ್ತಿದ್ದರು. ಮೂರು ವರ್ಷದಿಂದ ಇಷ್ಟೇ.

ಝೆಂಗ್‌ಝೌನಲ್ಲಿ ವೇ ಮಿನ್ ಜೊತೆ ಮತ್ತೆ ಬೆಲ್ಟಿಗಾಗಿ ಪಂದ್ಯ; ಈ ಸಲ ಡಬ್ಬಿ ಇರಲಿಲ್ಲ. ಉಳಿದುಕೊಂಡ ಹೋಟೆಲಿನ ಗಂಜಿಯನ್ನು ಅವಳು ಎರಡು ಚಮಚಕ್ಕೇ ಬಿಟ್ಟಳು. ದೊಂಗ್ ಕೂಡ ಎಲ್ಲರಂತೆಯೇ ಆದನಲ್ಲ ಎಂಬ ಸಂಕಟ ರಿಂಗಿನೊಳಗೂ ಅವಳ ಜೊತೆಗೇ ಬಂತು. ಮೊದಲ ಎರಡು ಸುತ್ತು ವೇ ಮಿನ್ ಮನಸ್ಸಿಗೆ ಬಂದಂತೆ ಹೊಡೆದಳು. ಹುಬ್ಬು ಒಡೆದು ಬಂದು ಕೂತವಳ ಮುಖ ಒರೆಸುತ್ತ ಕೋಚ್ ಕಾಂಗ್ ಮೆಲ್ಲಗೆ ಹೇಳಿದ, "ಯಾರ ಮೇಲೆ ಕೋಪಾನೋ ನಂಗೊತ್ತಿಲ್ಲ. ಅದನ್ನ ತಲೆಯಿಂದ ಎಡಗಾಲಿಗೆ ಇಳಿಸು."

ಅವಳು ಇಳಿಸಿದಳು. ಮೂರನೆಯ ಸುತ್ತಿನಲ್ಲಿ ಎಡಗಾಲು ವೇ ಮಿನ್‌ಳ ಪಕ್ಕೆಗೆ ಬಿತ್ತು, ನಾಲ್ಕರಲ್ಲಿ ಮತ್ತೆ ಅಲ್ಲಿಗೇ. ಐದನೆಯ ಸುತ್ತಿನಲ್ಲಿ ನೋಯುವ ಪಕ್ಕೆ ಕಾಯಲು ಆ ಹುಡುಗಿ ಕೈ ಇಳಿಸಿದ್ದೇ ತಡ, ಅದೇ ಕಾಲು ಅವಳ ದವಡೆಗೆ ಬಂತು. ಹತ್ತು ಎಣಿಸಿದರೂ ವೇ ಮಿನ್ ಏಳಲಿಲ್ಲ. ಇಡೀ ಸಭಾಂಗಣ ಎದ್ದು ನಿಂತು ಚೂನ್ಯಾಳ ಹೆಸರು ಕೂಗಿತು. ಬೆಲ್ಟ್ ಮತ್ತೆ ಸೊಂಟಕ್ಕೆ ಬಂದಾಗ ಅವಳು ನಾಚಿಕೆ ಬಿಟ್ಟು ಅತ್ತಳು.

ಮರುದಿನ ಮಧ್ಯಾಹ್ನ ಬೆಲ್ಟ್ ಹೆಗಲ ಮೇಲೆ ಹಾಕಿಕೊಂಡೇ ಅವಳು ದೊಂಗ್‌ನ ಹೋಟೆಲಿಗೆ ನುಗ್ಗಿದಳು, ಒಂದಿಷ್ಟು ಬೈದೇ ಹೋಗಬೇಕೆಂದು. ಅವನು ಇಸ್ತ್ರಿ ಶರ್ಟು, ಹೊಸ ಬೂಟು ಹಾಕಿ ಕೂತಿದ್ದ. ಮುಂದೆ ಹಬೆಯಾಡುವ ಕಡುಬು.

"ಬಂದವಳಿಗೆ ಕಡುಬು. ಈ ಸಲಾನೂ ಉಲ್ಟಾನೇ."

"ಇದು ನಿನಗಲ್ಲ, ನನಗೆ. ನಾನು ಹೊರಟಿದ್ದೀನಿ."

ಐದು ಸುತ್ತು ಹೆದರದ ಎದೆ ಈಗ ಧಸಕ್ಕೆಂದಿತು. "ಎಲ್ಲಿಗೆ?"

"ನಿಮ್ಮೂರಿಗೆ. ನಿಮ್ಮಪ್ಪನ ಹತ್ರ ನಿನ್ನ ಕೇಳೋಕೆ." ಈ ಸಲ ಅವನು ತಡವರಿಸಲಿಲ್ಲ, ನೇರ ಅವಳನ್ನೇ ನೋಡಿದ. "ನಿನ್ನ ಕಳಿಸಿ ಕಳಿಸಿ ಸಾಕಾಗಿತ್ತು ಚೂನ್ಯಾ. ಒಂದ್ಸಲನಾದ್ರೂ ಮನೆಗೆ ಬಂದವಳಿಗೆ ಬಡಿಸೋ ಹಾಗೆ ಬಡಿಸ್ಬೇಕು ಅನ್ನಿಸ್ತು. ಆ ನೂಡಲ್ಸ್ ಅದಕ್ಕೆ. ಆಟ ಬಿಡು ಅಂತ ಅಲ್ಲ."

"ಬಿಡಲ್ಲ. ಮುಂದಿನ ತಿಂಗಳು ಟೋಕಿಯೋಗೆ ಹೋಗ್ಬೇಕು."

"ಹೋಗು. ಡಬ್ಬಿ ತುಂಬಿ ಕೊಡ್ತೀನಿ. ವಾಪಸ್ ಬಾ, ಸಾಕು."

ಹೊಲಿಗೆ ಬಿದ್ದ ಹುಬ್ಬು ನೋಯುವಷ್ಟು ಅವಳು ನಕ್ಕಳು. ಬೆಲ್ಟನ್ನು ಮೇಜಿನ ಮೇಲಿಟ್ಟು, ಅವನ ಪಕ್ಕದಲ್ಲೇ ಕೂತು, ಅವನ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕಿತ್ತುಕೊಂಡಳು.

"ನಮ್ಮಪ್ಪನಿಗೆ ಕಿವಿ ಮಂದ. ನೀನು ಅಲ್ಲಿ ಹೋಗಿ ತೊದಲಿದ್ರೆ ಸಂಜೆವರೆಗೂ ಅರ್ಥ ಆಗಲ್ಲ. ನಾನೂ ಹೊರಟೆ." ಮೊದಲ ಕಡುಬು ಅವಳ ಬಾಯಿ ಸೇರಿತು. "ಇನ್ನೊಂದು ತಟ್ಟೆ ಬೇಯಿಸು, ಹೊರಡೋರು ಇಬ್ರು."